ಬಿಸಿಲಿಗೆ ಅಂಜುವ ಬಿಳಿಯ ಪುಡಿ

ತಿಂಗಳ ಸಾಮಾನಿನ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆಗಳ ಅನಂತರ ತಪ್ಪದೆ ಬರುವ ಹೆಸರು ಬಟ್ಟೆ ಒಗೆಯುವ ಪುಡಿಯದು. ಅದರ ಡಬ್ಬಿಯ ಮೇಲೆ ಚಿತ್ರವುಂಟು, ಬಣ್ಣವುಂಟು, ಕಲೆ ಹೋಗಲಾಡಿಸುವ ಭರವಸೆಯುಂಟು. ‘ಆಮ್ಲಜನಕದ ಶಕ್ತಿ’ ಎಂಬ ಮಾತೂ ಕೆಲವು ಡಬ್ಬಿಗಳ ಮೇಲೆ ಎದ್ದು ಕಾಣುತ್ತದೆ. ಗಾಳಿಯಲ್ಲಿ ಧಾರಾಳವಾಗಿ ದೊರೆಯುವ ಆಮ್ಲಜನಕವನ್ನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತರುವುದೇಕೆ ಎಂದು ಯಾರಾದರೂ ಕೇಳಿದರೆ ಅದು ಹುಡುಗಾಟದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಉತ್ತರವಾಗಿ ನಿಂತಿರುವ ವಸ್ತುವೇ ಸೋಡಿಯಂ ಪರ್‌ಕಾರ್ಬೊನೇಟ್. ನೋಡಲು ಕಲ್ಲುಪ್ಪಿನ ನುಚ್ಚಿನಂತಿರುವ ಈ ಬಿಳಿಯ ಹರಳು ಒಗೆಯುವ ಕಲ್ಲಿನ ಬಳಿಗೂ ಬಂದಿದೆ, ತೊಗಲು ಹದಮಾಡುವವರ ಪ್ರಯೋಗಶಾಲೆಗೂ ಹೋಗಿದೆ. ಅದರ ಗುಣವೇನು, ದೋಷವೇನು, ಅದನ್ನು ಕಾಪಾಡುವ ಬಗೆಯೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಗಿಂತ ತಕ್ಕ ನೆಲ ಇನ್ನೊಂದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆ ಭೀಮಾ ನದಿಯ ಎರೆಭೂಮಿ, ಬಿಸಿಲಿನ ತವರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ ೪೨ ಡಿಗ್ರಿ ದಾಟುವುದು ಅಪರೂಪವಲ್ಲ. ಈ ಸೀಮೆಯಲ್ಲಿ ಕೊಳಕೂರವೆಂಬ ಊರೊಂದಿದೆ. ಆ ಹೆಸರಿಗೂ ಕೊಳಕಿಗೂ ನಂಟು ಕಲ್ಪಿಸಿ ನಗುವವರು ಉಂಟು. ಅದು ಪದದ ಕಿವಿ ಹಿಡಿದು ಎಳೆದಂತೆಯೇ ಸರಿ. ಕೊಳೆ ತೊಳೆಯುವ ಕಾಯಕಕ್ಕೆ ಈ ಸೀಮೆಯಷ್ಟು ಮರ್ಯಾದೆ ಕೊಟ್ಟ ನೆಲ ಬೇರೆ ಯಾವುದಿದೆ? ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ಇರುವುದು ನೆರೆಯ ವಿಜಯಪುರ ಜಿಲ್ಲೆಯಲ್ಲಿ. ಆತ ಬಟ್ಟೆಯ ಗಂಟು ಹೊತ್ತು ನಡೆದ ಕಲ್ಯಾಣ ಇರುವುದು ಆಳಂದದ ಈಶಾನ್ಯಕ್ಕೆ. ಅದೇ ಕಲ್ಯಾಣದಲ್ಲಿ ತೊಗಲು ಹದಮಾಡುವ ಡೋಹರ ಕಕ್ಕಯ್ಯನಿದ್ದ; ಪಾದರಕ್ಷೆ ಹೊಲಿಯುವ ಹರಳಯ್ಯನಿದ್ದ. ಬಟ್ಟೆ ತೊಳೆಯುವವನನ್ನೂ ತೊಗಲು ಹದಮಾಡುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಹನ್ನೆರಡನೆಯ ಶತಮಾನದ ಆ ಸಭೆಯನ್ನು ನೆನೆದರೆ, ಈ ಎರಡು ಕಸಬುಗಳಿಗೂ ಒಂದೇ ಪುಡಿ ಬೇಕಾಗಿ ಬಂದದ್ದು ಅಷ್ಟೇನೂ ಆಶ್ಚರ್ಯವೆನಿಸದು.

ಸವಳೂ ಬಿಸಿಲೂ

ಸಾಬೂನು ಬರುವುದಕ್ಕೆ ಮುಂಚೆ ನಮ್ಮ ಮಡಿವಾಳರು ಬಟ್ಟೆಯನ್ನು ಹೇಗೆ ಬೆಳ್ಳಗೆ ಮಾಡುತ್ತಿದ್ದರು? ನೆಲದ ಮೇಲೆ ಬೆಳ್ಳಗೆ ಉಕ್ಕುವ ಸವಳು ಮಣ್ಣನ್ನು ಕೆರೆದು ತಂದು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಆ ನೀರಿನಲ್ಲಿ ಬಟ್ಟೆ ನೆನಸಿ, ಬಾನಿಯ ಮೇಲೆ ಪೇರಿಸಿ, ಹಬೆಯಲ್ಲಿ ಉಬ್ಬೆಗೆ ಹಾಕುತ್ತಿದ್ದರು. ಆಮೇಲೆ ಹೊಳೆಯ ಕಲ್ಲಿಗೆ ಒಗೆದು, ಹುಲ್ಲಿನ ಮೇಲೋ ಮರಳಿನ ಮೇಲೋ ಹರವಿ, ನೀರು ಚಿಮುಕಿಸುತ್ತ ಬಿಸಿಲಿಗೆ ಬಿಡುತ್ತಿದ್ದರು. ಇದರಲ್ಲಿ ಎರಡು ಕೆಲಸಗಳಿವೆ. ಸವಳಿನಲ್ಲಿರುವ ಸೋಡಿಯಂ ಕಾರ್ಬೊನೇಟ್, ಎಂದರೆ ಒಗೆಯುವ ಸೋಡ, ಜಿಡ್ಡನ್ನು ಸಡಿಲಿಸುತ್ತದೆ. ಗಡಸು ನೀರನ್ನು ಮೆದುವಾಗಿಸುತ್ತದೆ. ಬಿಸಿಲು, ತೇವ, ಗಾಳಿ ಮೂರೂ ಕೂಡಿ ಕಲೆಯ ಬಣ್ಣವನ್ನು ಉತ್ಕರ್ಷಿಸಿ ಅಳಿಸುತ್ತವೆ. ಸೋಡ ಕೊಳೆಯನ್ನು ತೆಗೆದರೆ, ಆಮ್ಲಜನಕ ಬಿಳುಪನ್ನು ತರುತ್ತದೆ.

ಈ ಎರಡನೆಯ ಕೆಲಸಕ್ಕೆ ದಿನಗಟ್ಟಲೆ ಕಾಲ ಬೇಕು, ಬಯಲು ಬೇಕು. ಕೈಗಾರಿಕೆಗೆ ಅಷ್ಟು ತಾಳ್ಮೆ ಎಲ್ಲಿಯದು? ೧೭೭೪ರಲ್ಲಿ ಸ್ವೀಡನ್ನಿನ ಷೀಲೆ ಕ್ಲೋರೀನ್ ಅನಿಲವನ್ನು ಕಂಡುಹಿಡಿದ. ೧೭೯೯ರಲ್ಲಿ ಸ್ಕಾಟ್ಲೆಂಡಿನ ಟೆನೆಂಟ್ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದ. ಬಿಳುಪು ಬೇಗ ಬಂದಿತು. ಆದರೆ ನಾರೂ ಬೇಗ ಸವೆಯಿತು. ೧೮೧೮ರಲ್ಲಿ ಫ್ರಾನ್ಸಿನ ಥೆನಾರ್ ಜಲಜನಕದ ಪೆರಾಕ್ಸೈಡನ್ನು ತಯಾರಿಸಿದ. ಇದು ನೀರಿನ ಅಣ್ಣನಂತಹ ದ್ರವ. ನೀರಿಗಿಂತ ಒಂದು ಆಮ್ಲಜನಕದ ಪರಮಾಣು ಹೆಚ್ಚು. ಆ ಹೆಚ್ಚಿನ ಪರಮಾಣುವೇ ಬಿಳುಪಿನ ಬೀಜ. ಆದರೆ ದ್ರವವನ್ನು ಪುಡಿಯ ಡಬ್ಬಿಯಲ್ಲಿ ತುಂಬುವುದು ಹೇಗೆ? ೧೮೯೯ರಲ್ಲಿ ಒಡೆಸ್ಸಾದ ರಸಾಯನಶಾಸ್ತ್ರಜ್ಞ ತನತಾರ್ ಇದಕ್ಕೆ ದಾರಿ ತೋರಿದ. ಸೋಡದ ಜೊತೆಗೆ ಪೆರಾಕ್ಸೈಡನ್ನು ಸೇರಿಸಿ ಅವನು ಪಡೆದ ಹರಳೇ ನಮ್ಮ ಪರ್‌ಕಾರ್ಬೊನೇಟ್. ಮಡಿವಾಳನ ಸವಳನ್ನೂ ಹೊಳೆಯ ದಂಡೆಯ ಬಿಸಿಲನ್ನೂ ಒಂದೇ ಹರಳಿನಲ್ಲಿ ಕಟ್ಟಿಟ್ಟಂತಾಯಿತು.

ಹರಳಿನ ಒಳಗುಟ್ಟು

ಹೆಸರಿನಲ್ಲಿ ‘ಪರ್‌’ ಎಂದಿದ್ದರೂ ಇದು ಕಾರ್ಬೊನೇಟಿನ ಅಣುವನ್ನೇ ಬದಲಾಯಿಸಿ ಮಾಡಿದ ಹೊಸ ಸಂಯುಕ್ತವಲ್ಲ. ಮೈಲುತುತ್ತದ ಹರಳಿನಲ್ಲಿ ನೀರು ಹೇಗೆ ಅಡಗಿ ಕುಳಿತಿರುತ್ತದೆಯೋ ಹಾಗೆಯೇ ಇಲ್ಲಿ ಸೋಡದ ಹರಳಿನಲ್ಲಿ ಪೆರಾಕ್ಸೈಡ್ ಅಡಗಿ ಕುಳಿತಿದೆ. ಎರಡು ಅಣು ಸೋಡಕ್ಕೆ ಮೂರು ಅಣು ಪೆರಾಕ್ಸೈಡ್. ಇದು ಅದರ ಲೆಕ್ಕ. ತೂಕದಲ್ಲಿ ಹೇಳುವುದಾದರೆ ೩೧೪ ಗ್ರಾಂ ಶುದ್ಧ ಹರಳಿನಲ್ಲಿ ೨೧೨ ಗ್ರಾಂ ಸೋಡ, ೧೦೨ ಗ್ರಾಂ ಪೆರಾಕ್ಸೈಡ್. ಕೆಲಸಕ್ಕೆ ಬರುವ ಆಮ್ಲಜನಕ ನೂರಕ್ಕೆ ಸುಮಾರು ೧೫ ಪಾಲು. ಮಾರುಕಟ್ಟೆಯ ಸರಕಿನಲ್ಲಿ ೧೩ರಿಂದ ೧೪.

ಈ ಅಂಕಿಯ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಕಿಲೋ ಪುಡಿ ಪೂರ್ತಿಯಾಗಿ ಒಡೆದರೆ ಹೊರಬರುವ ಆಮ್ಲಜನಕದ ಗಾತ್ರ ಸುಮಾರು ೧೦೦ ಲೀಟರು. ಒಂದು ಪುಟ್ಟ ಡಬ್ಬಿಯ ಹೊಟ್ಟೆಯಲ್ಲಿ ಏಳೆಂಟು ಕೊಡಗಳಷ್ಟು ಅನಿಲ ಮಲಗಿದೆ. ಅದು ಒಗೆಯುವ ಬಕೀಟಿನಲ್ಲಿ ಎದ್ದರೆ ಸೇವಕ. ಮುಚ್ಚಿದ ಸೀಸೆಯಲ್ಲಿ ಎದ್ದರೆ ಶತ್ರು.

ನೀರಿಗೆ ಬಿದ್ದೊಡನೆ ಹರಳು ಬಿಚ್ಚಿಕೊಳ್ಳುತ್ತದೆ. ಸೋಡ ನೀರನ್ನು ಕ್ಷಾರವಾಗಿಸುತ್ತದೆ. ಆ ಕ್ಷಾರದಲ್ಲಿ ಪೆರಾಕ್ಸೈಡಿಗೆ ಕಸುವು ಹೆಚ್ಚುತ್ತದೆ. ಚಹದ ಕಲೆ, ಹಣ್ಣಿನ ರಸ, ಸಾರಿನ ಕಲೆಗಳಲ್ಲಿರುವ ಬಣ್ಣದ ಅಣುಗಳನ್ನು ಅದು ಕತ್ತರಿಸಿ ಬಣ್ಣವಿಲ್ಲದ ತುಣುಕುಗಳನ್ನಾಗಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ಉಳಿಯುವುದು ಸೋಡ, ನೀರು, ಆಮ್ಲಜನಕ ಇಷ್ಟೇ. ಕ್ಲೋರೀನಿನ ಘಾಟಿಲ್ಲ.

ಇದಕ್ಕಿಂತ ಮುಂಚೆ ಈ ಪೀಠದಲ್ಲಿ ಕುಳಿತಿದ್ದದ್ದು ಸೋಡಿಯಂ ಪರ್‌ಬೋರೇಟ್. ಜರ್ಮನಿಯ ಹೆಂಕೆಲ್ ಸಂಸ್ಥೆ ೧೯೦೭ರಲ್ಲಿ ಹೊರತಂದ ‘ಪರ್ಸಿಲ್’ ಎಂಬ ಪುಡಿಯ ಹೆಸರೇ ಪರ್‌ಬೋರೇಟ್ ಮತ್ತು ಸಿಲಿಕೇಟ್‌ಗಳ ಮೊದಲಕ್ಷರಗಳಿಂದ ಆದದ್ದು. ಪರ್‌ಬೋರೇಟ್ ಗಟ್ಟಿಗ, ಬೇಗ ಕೆಡುವುದಿಲ್ಲ. ಆದರೆ ಅದು ಚೆನ್ನಾಗಿ ದುಡಿಯಬೇಕಾದರೆ ೬೦ ಡಿಗ್ರಿಗೆ ಮೀರಿದ ಬಿಸಿನೀರು ಬೇಕು. ಅದರಲ್ಲಿರುವ ಬೋರಾನ್ ನೀರಿನಲ್ಲಿ ಉಳಿದು ಗಿಡಗಳಿಗೆ ಕೇಡು ಮಾಡಬಲ್ಲದು. ಬೋರಾನ್ ಸಂಯುಕ್ತಗಳಿಂದ ಮನುಷ್ಯರ ಸಂತಾನಶಕ್ತಿಗೂ ಧಕ್ಕೆಯೆಂಬ ಕಾರಣದಿಂದ ಯೂರೋಪಿನ ಕಾನೂನು ಅವುಗಳ ಮೇಲೆ ಕಣ್ಣಿಟ್ಟಿತು. ಹೀಗಾಗಿ, ತಣ್ಣೀರಿನಲ್ಲಿ ಬೇಗ ಕರಗುವ ಪರ್‌ಕಾರ್ಬೊನೇಟ್ ಮುಂದೆ ಬಂದಿತು. ಟಿ.ಎ.ಇ.ಡಿ. ಎಂಬ ಚುರುಕುಗಾರ ವಸ್ತುವನ್ನು ಜೊತೆಗಿಟ್ಟರೆ ಪೆರಾಕ್ಸೈಡಿನಿಂದ ಪರ್‌ಅಸಿಟಿಕ್ ಆಮ್ಲ ಹುಟ್ಟಿ ೪೦ ಡಿಗ್ರಿಯ ನೀರಿನಲ್ಲಿಯೂ ಬಿಳುಪು ಸಾಧ್ಯವಾಗುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಮಾಳಿಗೆಯ ತೊಟ್ಟಿಯ ನೀರು ಒಲೆಯ ಹಂಗಿಲ್ಲದೆಯೇ ಬೆಚ್ಚಗಾಗುವುದನ್ನು ಬಲ್ಲವರಿಗೆ ಇದರ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಡಿಯ ಆಯುಷ್ಯ

ಆದರೆ ಅದೇ ಬೇಸಗೆ ಪುಡಿಯ ಆಯುಷ್ಯಕ್ಕೆ ಕತ್ತರಿ. ಪರ್‌ಕಾರ್ಬೊನೇಟಿಗೆ ಶತ್ರುಗಳು ಮೂವರು: ತೇವ, ತಾಪ, ಲೋಹ.

ತೇವ ತಗಲಿದ ಕಡೆ ಹರಳು ಸ್ವಲ್ಪ ಕರಗುತ್ತದೆ. ಪೆರಾಕ್ಸೈಡ್ ಬಿಡುಗಡೆಯಾಗಿ ನೀರು, ಆಮ್ಲಜನಕಗಳಾಗಿ ಒಡೆಯುತ್ತದೆ. ಒಡೆದಾಗ ಹುಟ್ಟಿದ ನೀರು ಪಕ್ಕದ ಹರಳನ್ನು ನೆನಸುತ್ತದೆ. ಒಡೆಯುವಾಗ ಶಾಖವೂ ಹುಟ್ಟುತ್ತದೆ; ಆ ಶಾಖ ಇನ್ನಷ್ಟು ಹರಳುಗಳನ್ನು ಒಡೆಯುತ್ತದೆ. ಮನೆಯ ಡಬ್ಬಿಯಲ್ಲಿ ಈ ಶಾಖ ಗಾಳಿಗೆ ಹರಿದುಹೋಗುತ್ತದೆ. ಗೋದಾಮಿನಲ್ಲಿ ಟನ್ನುಗಟ್ಟಲೆ ಒಟ್ಟಿದ ರಾಶಿಯ ನಡುವೆ ಅದು ಹೊರಗೆ ಹೋಗಲಾರದೆ ಏರುತ್ತ ಹೋಗುತ್ತದೆ. ಅನಿಲದ ಒತ್ತಡವೂ ಕೂಡಿಕೊಂಡರೆ ಅಪಾಯ. ಪರ್‌ಕಾರ್ಬೊನೇಟ್ ತಾನಾಗಿ ಉರಿಯದು. ಆದರೆ ಉರಿಯುವುದಕ್ಕೆ ಆಮ್ಲಜನಕವನ್ನು ಒದಗಿಸಬಲ್ಲದು. ಆದಕಾರಣವೇ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳಲ್ಲಿ ಅದನ್ನು ೩೩೭೮ ಎಂಬ ಸಂಖ್ಯೆ ಕೊಟ್ಟು ಉತ್ಕರ್ಷಕ ವಸ್ತುಗಳ ವರ್ಗದಲ್ಲಿ ಸೇರಿಸಿದ್ದಾರೆ. ೪೦ ಡಿಗ್ರಿಗಿಂತ ತಂಪಾದ, ಒಣಗಿದ, ಗಾಳಿಯಾಡುವ ಸ್ಥಳದಲ್ಲಿಡಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ಮೇ ತಿಂಗಳಲ್ಲಿ ಅಫಜಲಪುರದ ತಗಡಿನ ಛಾವಣಿಯ ಕೆಳಗೆ ಆ ಸೂಚನೆಯನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡ ಪುಡಿ ಬಿಸಿಲಿಗೇ ಅಂಜುವುದು ಒಂದು ವಿಚಿತ್ರ.

ಮೂರನೆಯ ಶತ್ರು ಲೋಹ. ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ಗಳ ಕಣ ಎಷ್ಟೇ ಸೂಕ್ಷ್ಮವಾಗಿರಲಿ, ಅದು ಪೆರಾಕ್ಸೈಡನ್ನು ಬಹು ಬೇಗ ಒಡೆಯುತ್ತದೆ. ತಾನು ಮಾತ್ರ ಸವೆಯದೆ ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ತುಕ್ಕು ಹಿಡಿದ ಬಕೀಟಿನಲ್ಲಿ ಬಟ್ಟೆ ನೆನಸಿದರೆ ಬಿಳುಪಿನ ಶಕ್ತಿ ಕಲೆಯನ್ನು ಮುಟ್ಟುವ ಮೊದಲೇ ಹಾಳಾಗುತ್ತದೆ. ಅಷ್ಟೇ ಅಲ್ಲ, ನಾರಿಗೆ ಅಂಟಿದ ತುಕ್ಕಿನ ಕಣದ ಸುತ್ತಲೇ ಉತ್ಕರ್ಷಣ ತೀವ್ರವಾಗಿ ಬಟ್ಟೆಯಲ್ಲಿ ಸೂಜಿಮೊನೆಯಂತಹ ತೂತು ಬೀಳುವುದೂ ಉಂಟು. ರಕ್ತದಲ್ಲಿರುವ ಕೆಟಲೇಸ್ ಎಂಬ ಕಿಣ್ವವೂ ಪೆರಾಕ್ಸೈಡಿನ ಹಗೆಯೇ. ರಕ್ತದ ಕಲೆಯ ಮೇಲೆ ನೊರೆ ಬುಸುಗುಡುವುದು ಅದರಿಂದಲೇ.

ಇದಕ್ಕೆ ಕೈಗಾರಿಕೆ ಕಂಡುಕೊಂಡ ಪರಿಹಾರ, ಪ್ರತಿ ಹರಳಿಗೂ ಒಂದು ಅಂಗಿ ತೊಡಿಸುವುದು. ಸೋಡಿಯಂ ಸಲ್ಫೇಟ್, ಸಿಲಿಕೇಟ್ ಮೊದಲಾದ ಲವಣಗಳ ದ್ರಾವಣವನ್ನು ಬಿಸಿಗಾಳಿಯಲ್ಲಿ ತೇಲುವ ಹರಳುಗಳ ಮೇಲೆ ಸಿಂಪಡಿಸಿ ಒಣಗಿಸಿದರೆ ತೆಳುವಾದ ಪೊರೆ ಕಟ್ಟುತ್ತದೆ. ಹೊರಗಿನ ತೇವ ಸುಲಭವಾಗಿ ಒಳಹೋಗದು. ಒಗೆಯುವ ಪುಡಿಗೆ ಬೆರೆಸುವಾಗ ಈ ಅಂಗಿ ಇನ್ನೂ ಮುಖ್ಯ. ಏಕೆಂದರೆ ನೀರನ್ನು ಮೆದುಮಾಡಲು ಸೇರಿಸುವ ಜಿಯೊಲೈಟ್ ಎಂಬ ವಸ್ತು ತನ್ನೊಳಗೆ ತೇವವನ್ನು ಹಿಡಿದಿಟ್ಟುಕೊಂಡು ನೆರೆಯ ಪರ್‌ಕಾರ್ಬೊನೇಟನ್ನು ಕೆಡಿಸುತ್ತದೆ. ಲೋಹದ ಕಣಗಳನ್ನು ಕಟ್ಟಿಹಾಕುವ ಫಾಸ್ಫೊನೇಟುಗಳಂತಹ ವಸ್ತುಗಳನ್ನೂ ಅಲ್ಪಸ್ವಲ್ಪ ಬೆರೆಸುತ್ತಾರೆ. ಒಂದೇ ಡಬ್ಬಿಯಲ್ಲಿರುವವರೆಲ್ಲರೂ ಒಂದೇ ಮನೆಯವರಾದರೂ ಹೊಂದಿಕೊಂಡು ಬಾಳುವುದು ಸುಲಭವಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ!

ತೊಗಲಿನ ದಾರಿ

ಇನ್ನು ತೊಗಲಿನ ಕಡೆ ತಿರುಗೋಣ. ಹಸಿಯ ತೊಗಲನ್ನು ಹದಮಾಡುವ ಮೊದಲು ಅದರ ಕೂದಲು ತೆಗೆಯಬೇಕು. ನಮ್ಮ ಡೋಹರರೂ ಮಾದಿಗರೂ ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನಸಿ, ಕೂದಲು ಸಡಿಲಾದ ಮೇಲೆ ಕತ್ತಿಯಿಂದ ಹೆರೆದು, ಆವರಿಕೆ ತೊಗಟೆ, ಅಳಲೆಕಾಯಿಗಳ ಕಷಾಯದಲ್ಲಿ ಹದಗೊಳಿಸುತ್ತಿದ್ದರು. ಕಾರ್ಖಾನೆಗಳು ಕಾಲವನ್ನು ಉಳಿಸಲೆಂದು ಸುಣ್ಣದ ಜೊತೆಗೆ ಸೋಡಿಯಂ ಸಲ್ಫೈಡನ್ನು ಸೇರಿಸಿದವು. ಕೂದಲು ಗಂಟೆಗಳಲ್ಲಿ ಕರಗುತ್ತದೆ. ಆದರೆ ಆ ನೀರಿಗೆ ಎಲ್ಲಿಯಾದರೂ ಆಮ್ಲ ಸೇರಿತೆಂದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಅನಿಲ ಏಳುತ್ತದೆ. ಅದು ಕೊಲ್ಲುವ ವಿಷ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯ ಎಚ್ಚರಿಕೆಯೂ ದೊರೆಯುವುದಿಲ್ಲ. ಹೊಲಸು ನೀರಿನ ತೊಟ್ಟಿಗೆ ಇಳಿದ ಕಾರ್ಮಿಕನು ಮೇಲೆ ಬಾರದಿರುವ, ಅವನನ್ನು ಎತ್ತಲು ಇಳಿದವನೂ ಬಾರದಿರುವ ದುರಂತಗಳಿಗೆ ಈ ಅನಿಲವೇ ಕಾರಣ.

ಪೆರಾಕ್ಸೈಡಿನ ಮಹತ್ವ ಇಲ್ಲಿದೆ. ಕೂದಲಿಗೆ ಗಟ್ಟಿತನ ಕೊಡುವುದು ಅದರ ಕೆರಾಟಿನ್ ಪ್ರೋಟೀನಿನಲ್ಲಿರುವ ಗಂಧಕದ ಜೋಡಿಬೆಸುಗೆ. ತೊಗಲಿನ ಕೊಲಾಜನ್‌ನಲ್ಲಿ ಇಂತಹ ಬೆಸುಗೆ ಇಲ್ಲವೆನ್ನುವಷ್ಟು ಕಡಮೆ. ಆ ಬೆಸುಗೆಯನ್ನು ಸಲ್ಫೈಡಿನಿಂದ ಬಿಡಿಸಬಹುದು. ಕ್ಷಾರದೊಡನೆ ಕೂಡಿದ ಪೆರಾಕ್ಸೈಡಿನಿಂದ ಉತ್ಕರ್ಷಿಸಿಯೂ ಬಿಡಿಸಬಹುದು. ಎರಡನೆಯ ಮಾರ್ಗದಲ್ಲಿ ವಿಷಾನಿಲವಿಲ್ಲ. ಪರ್‌ಕಾರ್ಬೊನೇಟಿನಲ್ಲಿ ಕ್ಷಾರವೂ ಪೆರಾಕ್ಸೈಡೂ ಒಟ್ಟಿಗೆ ಇರುವುದರಿಂದ, ಅದೂ ದ್ರವವಲ್ಲದ ಪುಡಿಯ ರೂಪದಲ್ಲಿರುವುದರಿಂದ, ಈ ದಿಕ್ಕಿನಲ್ಲಿ ಪ್ರಯೋಗಗಳು ನಡೆದಿವೆ. ತೊಗಲಿನ ಬಣ್ಣ ತಿಳಿಗೊಳಿಸಲು, ಹೊಲಸು ನೀರಿನಲ್ಲಿ ಉಳಿದ ಸಲ್ಫೈಡನ್ನು ನಿರಪಾಯಗೊಳಿಸಲು ಸಹ ಪೆರಾಕ್ಸೈಡ್ ಬಗೆಯ ವಸ್ತುಗಳು ಉಪಯೋಗಕ್ಕೆ ಬರುತ್ತವೆ. ಆದರೂ ಸುಣ್ಣ, ಸಲ್ಫೈಡುಗಳ ಪದ್ಧತಿ ಇನ್ನೂ ಅಳಿದಿಲ್ಲ. ಅಗ್ಗದ ಬೆಲೆ ಅದರ ಬಲ. ಉತ್ಕರ್ಷಣದ ಮಾರ್ಗದಲ್ಲಿ ತಾಪ, ಕ್ಷಾರ, ಕಾಲ ಈ ಮೂರರ ಹದ ತಪ್ಪಿದರೆ ತೊಗಲಿನ ಮೇಲ್ಮೈಯೇ ಸಡಿಲವಾಗಿ ಬೆಲೆ ಕಳೆದುಕೊಳ್ಳುತ್ತದೆ. ೧೯೪೮ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕಿಣ್ವಗಳಿಂದ ಕೂದಲು ತೆಗೆಯುವ ಇನ್ನೊಂದು ದಾರಿಯಲ್ಲಿಯೂ ಬಹಳ ದುಡಿದಿದೆ. ಗುರಿ ಒಂದೇ, ಸಲ್ಫೈಡಿನಿಂದ ಬಿಡುಗಡೆ.

ಕ್ರೋಮಿನ ಎರಡು ಮುಖ

ಆದರೆ ಒಂದೆಡೆ ಉಪಕಾರಿಯಾದದ್ದು ಎಲ್ಲೆಡೆಯೂ ಉಪಕಾರಿಯಾಗಿರಬೇಕಾಗಿಲ್ಲ. ೧೮೮೪ರಲ್ಲಿ ಅಮೆರಿಕದ ಶುಲ್ಟ್ಜ್ ಎಂಬವನು ಕ್ರೋಮಿಯಂ ಲವಣದಿಂದ ತೊಗಲು ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಜಗತ್ತಿನ ತೊಗಲಿನ ಬಹುಪಾಲು ಕ್ರೋಮಿನಿಂದಲೇ ಹದಗೊಳ್ಳತೊಡಗಿತು. ಕ್ರೋಮಿಯಮ್ಮಿಗೆ ಎರಡು ಮುಖಗಳು. ಹದಗೊಂಡ ತೊಗಲಿನಲ್ಲಿರುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಅದು ಹೆಚ್ಚು ಉಪದ್ರವಕಾರಿಯಲ್ಲ. ಆರು ವೇಲೆನ್ಸಿಯ ಕ್ರೋಮಿಯಂ ಹಾಗಲ್ಲ. ಚರ್ಮಕ್ಕೆ ಕಜ್ಜಿ ತರುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಕ್ಷಾರದ ನೀರಿನಲ್ಲಿ ಪೆರಾಕ್ಸೈಡ್ ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸಬಲ್ಲದು. ‘ಆಮ್ಲಜನಕ ಮಾತ್ರವಲ್ಲವೇ, ಏನಾದೀತು?’ ಎಂದು ಕ್ರೋಮ್ ತೊಗಲಿನ ಚೂರುಗಳಿಗೋ ಹೊಲಸು ನೀರಿಗೋ ಪರ್‌ಕಾರ್ಬೊನೇಟ್ ಸುರಿದರೆ ಮಲಗಿದ್ದ ಹಾವನ್ನು ಎಬ್ಬಿಸಿದಂತೆ. ೨೦೧೫ರ ಮೇ ೧ರಿಂದ ಯೂರೋಪು ಮೈಗೆ ತಾಗುವ ತೊಗಲಿನ ವಸ್ತುಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಕಿಲೋಗೆ ೩ ಮಿಲಿಗ್ರಾಂ ಮುಟ್ಟಕೂಡದೆಂದು ಕಟ್ಟುಮಾಡಿರುವುದು ಸುಮ್ಮನೆ ಅಲ್ಲ.

ತೊಗಲಿನ ನೀರು ನದಿಗೆ ಸೇರಿದರೆ ಏನಾಗುತ್ತದೆಂಬುದನ್ನು ಪಾಲಾರ್ ನದಿ ಹೇಳುತ್ತದೆ. ಅದು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯನ್ನು ಹಾದು ತಮಿಳುನಾಡಿನ ವೇಲೂರಿನ ಕಡೆ ಹರಿದು ಅಲ್ಲಿ ಚರ್ಮದ ಕಾರ್ಖಾನೆಗಳ ಹೊಲಸಿಗೆ ಈಡಾಯಿತು. ೧೯೯೬ರ ಆಗಸ್ಟ್ ೨೮ರಂದು ಸರ್ವೋಚ್ಚ ನ್ಯಾಯಾಲಯ ವೇಲೂರು ನಾಗರಿಕರ ಮೊಕದ್ದಮೆಯಲ್ಲಿ ತೀರ್ಪಿತ್ತು, ಮಲಿನಗೊಳಿಸಿದವನೇ ದಂಡ ತೆರಬೇಕೆಂಬ ತತ್ವವನ್ನು ಈ ನಾಡಿನ ಕಾನೂನಿನ ಭಾಗವೆಂದು ಸಾರಿತು.

ಗೃಹಿಣಿಯರಿಗೆ ನಾಲ್ಕು ಮಾತು

ಕಾರ್ಖಾನೆಯ ಮಾತು ಹಾಗಿರಲಿ. ಮನೆಯಲ್ಲಿ ಈ ಪುಡಿಯನ್ನು ಬಳಸುವವರು ನೆನಪಿಡಬೇಕಾದ ಸಂಗತಿಗಳೂ ಇವೆ.

ಡಬ್ಬಿಯನ್ನು ಸ್ನಾನದ ಮನೆಯ ಹಬೆಯಲ್ಲಿ ಇಡಬಾರದು. ಒದ್ದೆ ಚಮಚ ಹಾಕಬಾರದು. ಅಡುಗೆಯ ಎಣ್ಣೆಬಟ್ಟೆ, ಮರದ ಹೊಟ್ಟುಗಳ ಜೊತೆಗೂ ಇಡಬಾರದು. ಪುಡಿ ಕಣ್ಣಿಗೆ ಬಿದ್ದರೆ ತೀವ್ರ ಹಾನಿಯುಂಟು. ಕೂಡಲೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಮಕ್ಕಳ ಕೈಗೆ ಎಟುಕದಂತೆ ಮೇಲಿಡುವುದು ಲೇಸು. ನೀರಿನಲ್ಲಿ ಕರಗಿಸಿದ್ದನ್ನು ಅಂದೇ ಬಳಸಿ ಚೆಲ್ಲಬೇಕು. ಸೀಸೆಯಲ್ಲಿ ತುಂಬಿ ಬಿರಡೆ ಹಾಕಿದರೆ ಅನಿಲದ ಒತ್ತಡಕ್ಕೆ ಸೀಸೆ ಸಿಡಿಯಬಹುದು. ಬ್ಲೀಚಿಂಗ್ ದ್ರಾವಣದೊಡನೆ ಬೆರೆಸಿದರೆ ಎರಡೂ ಒಂದನ್ನೊಂದು ನುಂಗಿ ವ್ಯರ್ಥವಾಗುತ್ತವೆ; ದುಡ್ಡೂ ದಂಡ.

ಹಳೆಯ ಡಬ್ಬಿಯಲ್ಲಿ ಜೀವವಿದೆಯೇ ಎಂದು ತಿಳಿಯಲು ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿರಿ. ಸಣ್ಣ ಗುಳ್ಳೆಗಳು ಎಡೆಬಿಡದೆ ಎದ್ದರೆ ಕಸುವಿದೆ. ಸುಮ್ಮನೆ ಕರಗಿಹೋದರೆ ಆಮ್ಲಜನಕ ಹೋಗಿದೆ. ಉಳಿದದ್ದು ಬರಿಯ ಸೋಡ. ಎಸೆಯಬೇಕಾಗಿಲ್ಲ; ಜಿಡ್ಡು ತೊಳೆಯಲು ಆದೀತು.

ಹತ್ತಿಯ ಬಿಳಿ ಬಟ್ಟೆಗೆ ಇದು ಹೇಳಿಸಿದ್ದು. ರೇಷ್ಮೆ, ಉಣ್ಣೆಗಳಿಗೆ ಸಲ್ಲದು. ಅವು ಪ್ರಾಣಿಜನ್ಯ ನಾರುಗಳು. ಕೂದಲಿನಂತೆ, ತೊಗಲಿನಂತೆ ಪ್ರೋಟೀನಿನಿಂದ ಆದವು. ಸೋಡದ ಕ್ಷಾರಕ್ಕೆ ಅವು ಸೊರಗುತ್ತವೆ. ಇಳಕಲ್ ಸೀರೆಯ ಒಡಲು ಹತ್ತಿಯದೆಂದು ಧೈರ್ಯಮಾಡಿ ನೆನಸಿದರೆ ಅದರ ರೇಷ್ಮೆಯ ಸೆರಗು ಮಂಕಾದೀತು. ಆವರಿಕೆ ತೊಗಟೆಯ ಬಗೆಯ ಕಷಾಯದಲ್ಲಿ ಹದವಾದ ತೊಗಲಿನ ಚಪ್ಪಲಿಯನ್ನು ಈ ನೀರಿನಲ್ಲಿ ತೊಳೆದರೆ ಕಪ್ಪಾಗಿ ಬಿರುಸಾಗುತ್ತದೆ. ಹಸಿಯ ತೊಗಲಿನ ಕೂದಲು ತೆಗೆಯಬಲ್ಲ ವಸ್ತು ಹೊಲಿದ ಚಪ್ಪಲಿಗೆ ಮಿತ್ರನಲ್ಲ.

ಕೊನೆಯ ಮಾತು ಎರೆನೆಲದ್ದು. ‘ಪ್ರಕೃತಿಗೆ ಹಾನಿಯಿಲ್ಲ, ಸೋಡ, ನೀರು, ಆಮ್ಲಜನಕ ಮಾತ್ರ’ ಎಂಬ ಮಾತು ಅರ್ಧ ಸತ್ಯ. ನೀರು ಆವಿಯಾಗುತ್ತದೆ, ಆಮ್ಲಜನಕ ಗಾಳಿಗೆ ಸೇರುತ್ತದೆ, ಸೋಡ ಎಲ್ಲಿಗೆ ಹೋಗುತ್ತದೆ? ಒಗೆದ ನೀರನ್ನು ದಿನವೂ ಹಿತ್ತಲ ಒಂದೇ ಪಾತಿಗೆ ಬಿಟ್ಟರೆ ಅದರ ಸೋಡಿಯಂ ಮಣ್ಣಿನಲ್ಲಿ ನಿಲ್ಲುತ್ತದೆ. ಎರೆಮಣ್ಣಿನ ಜೇಡಿಕಣಗಳು ಆಗ ಬಿಡಿಬಿಡಿಯಾಗಿ, ಒದ್ದೆಯಾದಾಗ ಕೆಸರಾಗಿ, ಒಣಗಿದಾಗ ಕಲ್ಲಾಗಿ, ನೀರು ಇಂಗದೆ ಗಿಡದ ಬೇರು ಉಸಿರಾಡದೆ ಸೊರಗುತ್ತದೆ. ರೈತ ಅದನ್ನು ಸವಳು ಎನ್ನುತ್ತಾನೆ. ಮಡಿವಾಳನು ಹೊಲದ ಅಂಚಿನಿಂದ ಕೆರೆದು ತಂದ ಸವಳನ್ನು ನಾವು ಡಬ್ಬಿಯ ರೂಪದಲ್ಲಿ ಕೊಂಡು ತಂದು ಮರಳಿ ನೆಲಕ್ಕೇ ಸುರಿದಂತಾಗುತ್ತದೆ. ಪುಡಿಯನ್ನು ಮಿತವಾಗಿ ಬಳಸುವುದು, ಆ ನೀರನ್ನು ಸೋಡ ಬೆರೆಯದ ಜಾಲಾಡಿದ ನೀರಿನಿಂದ ಬೇರ್ಪಡಿಸಿ ಗಿಡಕ್ಕೆ ಎರಡನೆಯದನ್ನು ಮಾತ್ರ ಹಾಯಿಸುವುದು ಎಲ್ಲರಿಂದಲೂ ಆಗುವ ಕೆಲಸ.

ಬಿಳುಪು ಎಂಬುದು ಬಟ್ಟೆಯೊಂದರ ಗುಣವಲ್ಲ. ನಮ್ಮ ಅಂಗಿ ಬೆಳ್ಳಗಾಗುವಾಗ ಮಣ್ಣು ಸವಳಾಗದಿರಬೇಕು. ನಮ್ಮ ಪಾದರಕ್ಷೆ ಮೆತ್ತಗಾಗುವಾಗ ಅದನ್ನು ಹದಮಾಡಿದವನ ಉಸಿರು ನಿಲ್ಲದಿರಬೇಕು. ಊರ ಹೊಳೆ ಕಪ್ಪಾಗದಿರಬೇಕು. ಈ ಪುಡಿ ತಕ್ಕ ಸ್ಥಳದಲ್ಲಿ, ತಕ್ಕ ಪ್ರಮಾಣದಲ್ಲಿ, ತಿಳಿದವರ ಕೈಯಲ್ಲಿ ಅದಕ್ಕೆ ನೆರವಾಗಬಲ್ಲದು. ತಿಳಿಯದ ಕೈಯಲ್ಲಿ ಅದೂ ಒಂದು ಕೊಳೆಯೇ.